ಗೂಡಿನೊಳಗಿನ ಕಪ್ತಾನ

ಹದಿನಾರು ವರ್ಷ ಕಪ್ತಾನನಾಗಿದ್ದವನಿಗೆ ಅಂದು ಮಧ್ಯಾಹ್ನ ಮೂರೂವರೆಗೆ ಬಿಡುಗಡೆಯಾಗಬೇಕಿತ್ತು. ಸಂಜೆ ಐದಕ್ಕೆ ಊರಿನ ಇನ್ನೊಂದು ತುದಿಯ ರಂಗಮಂದಿರದಲ್ಲಿ ಅವನು ಗುಮಾಸ್ತನಾಗಬೇಕಿತ್ತು. ನಡುವಿನ ಒಂದೂವರೆ ಗಂಟೆಯನ್ನು ಅವನು ಒಂದು ತಿಂಗಳಿಂದ ಮನಸ್ಸಿನಲ್ಲೇ ಅಳೆದು ಸುರಿದು ಇಟ್ಟುಕೊಂಡಿದ್ದ. ಉಡುಪು ಕಳಚಲು ಹತ್ತು ನಿಮಿಷ, ಮುಖದ ಬಣ್ಣ ಒರೆಸಲು ಹತ್ತು, ದಾರಿಗೆ ನಲವತ್ತು, ಉಳಿದದ್ದು ಎದೆಬಡಿತ ಇಳಿಸಿಕೊಳ್ಳುವುದಕ್ಕೆ.

ಧಾರಾವಾಹಿಯ ಹೆಸರು ‘ಕೊನೆಯ ನೌಕೆ’. ಮೂವತ್ತೊಂದು ವರ್ಷದಿಂದ ಪ್ರತಿ ವಾರ ಬರುತ್ತಿದೆ. ಭೂಮಿ ಹಾಳಾದ ಮೇಲೆ ಉಳಿದ ಜನ ಒಂದು ನೌಕೆಯಲ್ಲಿ ಕೂತು ಹೊಸ ನೆಲ ಹುಡುಕುತ್ತಿದ್ದಾರೆ. ಮೂವತ್ತೊಂದು ವರ್ಷವಾದರೂ ನೆಲ ಸಿಕ್ಕಿಲ್ಲ, ಸಿಕ್ಕಿಬಿಟ್ಟರೆ ಇನ್ನೂರು ಜನರ ಕೆಲಸ ಹೋಗುತ್ತದೆ. ಆ ನೌಕೆಗೊಬ್ಬ ಕಪ್ತಾನ. ನಟನಿಗೆ ವಯಸ್ಸಾದಾಗ, ಇಲ್ಲವೇ ಯಜಮಾನರಿಗೆ ಬೇಸರ ಬಂದಾಗ, ಹಳೆಯ ಕಪ್ತಾನ ಒಂದು ಗೂಡಿನೊಳಗೆ ಹೋಗುತ್ತಾನೆ, ತನ್ನ ನೆನಪನ್ನೆಲ್ಲ ಹೊಸಬರಿಗೆ ಕೊಟ್ಟು ಬೆಳಕಾಗಿ ಕರಗಿಹೋಗುತ್ತಾನೆ. ಅದೇ ಬಾಗಿಲಿನಿಂದ ಹೊಸ ಕಪ್ತಾನ ಹೊರಗೆ ಬರುತ್ತಾನೆ. ಈ ಸಲ ಬರುತ್ತಾಳೆ. ಮೂರು ಗಂಡಸರ ನಂತರ ಮೊದಲ ಹೆಂಗಸು, ಅದಕ್ಕೇ ಇಷ್ಟೊಂದು ಗಲಾಟೆ, ಅದಕ್ಕೇ ತುಂಬಿದ ಸಭೆಯ ಎದುರು ನೇರಪ್ರಸಾರ.

ಬೆಳಕಾಗಿ ಕರಗುವುದೇನೋ ಪರದೆಯ ಮೇಲೆ ಚೆನ್ನಾಗಿತ್ತು. ನಿಜದಲ್ಲಿ ಗೂಡು ಎಂದರೆ ತಗಡು ಬಡಿದ ಮರದ ಪೆಟ್ಟಿಗೆ. ಒಳಗೆ ನಡುವೆ ತಿರುಗುವ ಒಂದು ಹಲಗೆ. ಮುಂದಿನಿಂದ ಹಳಬ ಒಳಗೆ ಹೋಗುತ್ತಿದ್ದಂತೆ ಹೊಗೆ ಏಳುತ್ತದೆ, ಹಲಗೆ ಅರ್ಧ ಸುತ್ತು ತಿರುಗುತ್ತದೆ, ಹಿಂದೆ ಕೂತಿದ್ದ ಹೊಸಬರು ಮುಂದೆ ಬರುತ್ತಾರೆ, ಹಳಬ ಹಿಂದಕ್ಕೆ ಹೋಗುತ್ತಾನೆ. ಹಿಂಬದಿಯ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಮೊದಲು ಒಳಗೂ ಚಿಲಕವಿತ್ತು. ಮೊದಲನೆಯ ಕಪ್ತಾನ ಅದಕ್ಕೆ ಒರಗಿ, ಬಾಗಿಲು ತೆರೆದುಕೊಂಡು, ಚಿತ್ರೀಕರಣದ ನಡುವೆ ಅಂಗಾತ ಬಿದ್ದಿದ್ದ. ಅಂದಿನಿಂದ ಬಡಗಿ ಚಿಲಕ ಕಿತ್ತುಹಾಕಿ, ತಾನೇ ಹೊರಗೆ ನಿಂತು ಬಾಗಿಲು ತೆಗೆಯುವುದನ್ನು ರೂಢಿ ಮಾಡಿಕೊಂಡ. ಬಡಗಿಯನ್ನು ಎಲ್ಲರೂ ಮೊಳೆಮಾವ ಎನ್ನುತ್ತಿದ್ದರು, ಬಾಯಲ್ಲಿ ಸದಾ ಎರಡು ಮೊಳೆ ಕಚ್ಚಿಕೊಂಡಿರುತ್ತಿದ್ದ.

ಇನ್ನೊಂದು ಕಟ್ಟುಪಾಡೂ ಇತ್ತು. ಗೂಡಿಗೆ ಹೋದ ಕಪ್ತಾನ ಮತ್ತೆ ಆ ಚಿತ್ರೀಕರಣದ ಅಂಗಳದಲ್ಲಿ ಯಾರ ಕಣ್ಣಿಗೂ ಬೀಳಬಾರದು. ಹಿಂಬಾಗಿಲಿನಿಂದ ಹೊರಟು, ಹಿಂದಿನ ಓಣಿಯಲ್ಲೇ ಬಣ್ಣದ ಕೋಣೆಗೆ ಹೋಗಿ, ಹಾಗೇ ಮನೆಗೆ ಹೋಗಬೇಕು. ಹೊಸಬರ ದಿನ ಹೊಸಬರದ್ದಾಗಲಿ ಎಂದು ಯಾರೋ ಒಳ್ಳೆಯ ಮನಸ್ಸಿನಿಂದ ಮಾಡಿದ ನಿಯಮ. ಒಳ್ಳೆಯ ಮನಸ್ಸಿನ ನಿಯಮಗಳಿಂದ ಆಗುವಷ್ಟು ಫಜೀತಿ ಕೆಟ್ಟ ನಿಯಮಗಳಿಂದ ಆಗುವುದಿಲ್ಲ ಎಂದು ಕಪ್ತಾನನಿಗೆ ಗೊತ್ತಾಗಲು ಇನ್ನೂ ಸ್ವಲ್ಪ ಹೊತ್ತಿತ್ತು.

ಅವನ ಬಿಡುಗಡೆ ಒಪ್ಪಂದದ ಒಂದೇ ಸಾಲಿನಲ್ಲಿತ್ತು: ಕಪ್ತಾನನ ಪಾತ್ರ ಜೀವಂತ ಇರುವವರೆಗೆ ನಟನು ಬೇರೆಲ್ಲೂ ನಟಿಸತಕ್ಕದ್ದಲ್ಲ. ಮೂರು ವರ್ಷಕ್ಕೆಂದು ಸಹಿ ಹಾಕಿದವನು ಹದಿನಾರು ವರ್ಷ ಸಿಕ್ಕಿಹಾಕಿಕೊಂಡದ್ದು ಆ ಸಾಲಿನಲ್ಲೇ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ತಂದೆ ತೀರಿಕೊಂಡ ದಿನ ಮನೆಬಾಗಿಲಲ್ಲಿ ಕೂಡ, ಅವನನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ‘ಧೈರ್ಯ ತಗೊಳ್ಳಿ ಕಪ್ತಾನ್’ ಎಂದಿದ್ದರು. ಅಳಲೂ ಆಗಿರಲಿಲ್ಲ, ಜನ ನೋಡುತ್ತಿದ್ದರು. ಕಪ್ತಾನ ಅಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಈಗ ರಂಗಮಂದಿರದ ನಿರ್ದೇಶಕಿ, ಎಪ್ಪತ್ತು ದಾಟಿದ ಖಡಕ್ ಹೆಂಗಸು, ಅವನಿಗೊಂದು ಪಾತ್ರ ಕೊಡುತ್ತೇನೆ ಎಂದಿದ್ದಳು. ಅಂಚೆ ಕಚೇರಿಯ ಗುಮಾಸ್ತ, ಎರಡನೇ ಅಂಕದಲ್ಲಿ ಐದು ನಿಮಿಷ ಕೂತು ಅಳುತ್ತಾನೆ. ‘ಐದಕ್ಕೆ ಬಾ. ನಿನ್ನ ಮುಖ ಹಾಕ್ಕೊಂಡು ಬಾ, ಅವನದ್ದು ಬೇಡ’ ಎಂದಿದ್ದಳು.

ಮೂರೂವರೆಗೆ ಸರಿಯಾಗಿ ಕಪ್ತಾನ ಕೊನೆಯ ಮಾತು ಹೇಳಿ, ಕೈಯೆತ್ತಿ, ಗೂಡಿನೊಳಗೆ ಕಾಲಿಟ್ಟ. ಬಾಗಿಲು ಮುಚ್ಚಿತು. ಹೊಗೆ ಏಳಲು ನಲವತ್ತು ಸೆಕೆಂಡು.

“ಸರ್, ಇದ್ದೀರಾ?” ಹಲಗೆಯ ಆಚೆಯಿಂದ ಹೊಸಬಳ ಪಿಸುಮಾತು.

“ಇದ್ದೀನಿ.”

“ಕೈ ನಡುಗ್ತಿದೆ.”

“ಮೊದಲ ದಿನ ನಂದೂ ನಡುಗಿತ್ತು. ಕೈಗವಸು ಕೊಟ್ಟಿರೋದು ಅದಕ್ಕೇ.”

ಅವಳು ಉಸಿರಿನಲ್ಲೇ ನಕ್ಕಳು. “ಏಳು ವರ್ಷಕ್ಕೆ ಸಹಿ ಹಾಕಿದ್ದೀನಿ ಸರ್. ಬೇಗ ಕಳೆಯುತ್ತೆ ಅಲ್ವಾ?”

ಅಷ್ಟರಲ್ಲಿ ಹಲಗೆ ತಿರುಗಿತು. ಆಚೆ ಬಾಗಿಲು ತೆರೆದ ಸದ್ದು, ಚಪ್ಪಾಳೆ, ಕೂಗು. ಇತ್ತ ಕತ್ತಲೆ, ಒಂದು ಮುಕ್ಕಾಲಿ, ಮೂಗಿಗೆ ಹೊಗೆಯ ವಾಸನೆ. ಮುಕ್ಕಾಲಿಯ ಮೇಲೆ ಕೂತು ಮೊಳೆಮಾವನ ಹೆಜ್ಜೆ ಸದ್ದಿಗೆ ಕಿವಿ ಕೊಟ್ಟ. ಹದಿನಾರು ವರ್ಷದ ಮೇಲೆ ಇನ್ನೆರಡು ನಿಮಿಷ, ಕಾಯಬಹುದು ಎಂದುಕೊಂಡ.

ಎರಡು ನಿಮಿಷ ಹತ್ತು ನಿಮಿಷವಾಯಿತು. ಹೆಜ್ಜೆಯ ಬದಲು ಕೇಳಿಸಿದ್ದು ಧ್ವನಿವರ್ಧಕದಲ್ಲಿ ನಿರೂಪಕನ ಗಂಟಲು. “ಮೂವತ್ತೊಂದು ವರ್ಷದಿಂದ ತೆರೆಯ ಹಿಂದೆ ದುಡಿದ ಒಬ್ಬ ವ್ಯಕ್ತಿಯನ್ನು ಇಂದು ಮುಂದಿನ ಸಾಲಿಗೆ ಕರೆಯುತ್ತಿದ್ದೇವೆ. ನಮ್ಮೆಲ್ಲರ ಮೊಳೆಮಾವ!” ಮತ್ತೆ ಚಪ್ಪಾಳೆ.

ಈ ಬಾಗಿಲು ತೆರೆಯಬೇಕೆಂದು ಗೊತ್ತಿದ್ದವನು ಈ ಊರಿನಲ್ಲಿ ಒಬ್ಬನೇ, ಅವನ ಕೈಗೆ ಹೂಗುಚ್ಛ ಕೊಟ್ಟು ಮೊದಲ ಸಾಲಿನಲ್ಲಿ, ಕ್ಯಾಮೆರಾದ ಎದುರು ಕೂರಿಸಿಬಿಟ್ಟಿದ್ದರು. ಕಾರ್ಯಕ್ರಮ ಮುಗಿಯುವುದು ಐದೂವರೆಗೆ. ಪಾಪ, ಬಡಗಿಯೂ ಅಲ್ಲಿ ಮುಳ್ಳಿನ ಮೇಲೆ ಕೂತಿದ್ದ ಎಂದು ಆಮೇಲೆ ಗೊತ್ತಾಯಿತು. ಎರಡು ಸಲ ಏಳಲು ಹೋದವನನ್ನು ಪಕ್ಕದವರು ‘ನಾಚ್ಕೋಬೇಡಿ ಮಾವ’ ಎಂದು ಹಿಡಿದು ಕೂರಿಸಿದ್ದರಂತೆ.

ಒಳಗೆ ಪೂರ್ತಿ ನಿಲ್ಲುವಷ್ಟು ಎತ್ತರವಿರಲಿಲ್ಲ, ಕಾಲು ಚಾಚುವಷ್ಟು ಅಗಲವಿರಲಿಲ್ಲ. ಸದ್ದಾಗುತ್ತದೆಂದು ಗಾಳಿಯ ಯಂತ್ರ ನಿಲ್ಲಿಸಿದ್ದರು. ಉಡುಪಿನ ಜಿಪ್ಪು ಬೆನ್ನ ಮೇಲೆ, ತಾನೇ ಬಿಚ್ಚಿಕೊಳ್ಳುವಂತಿಲ್ಲ. ಫೋನು ಬಣ್ಣದ ಕೋಣೆಯಲ್ಲಿ. ನೂರು ಗ್ರಹ ಸುತ್ತಿದವನ ಅಂಗಿಗೆ ಒಂದು ಜೇಬಿಲ್ಲ. ಬೆವರು ಕುತ್ತಿಗೆಯಿಂದ ಇಳಿದು ಇಳಿದು ಬೂಟಿನೊಳಗೆ ಸೇರುತ್ತಿತ್ತು. ಬಾಗಿಲನ್ನು ಮೊಣಕಾಲಿನಿಂದ ಒತ್ತಿದ, ಭುಜದಿಂದ ಒತ್ತಿದ. ಮೊಳೆಮಾವ ಒಳ್ಳೆಯ ಕೆಲಸಗಾರ, ಬಾಗಿಲು ಮಿಸುಕಲಿಲ್ಲ. ಎರಡನೆಯ ಜಾಹೀರಾತು ಬಂದಾಗ ನಾಲ್ಕು ಗಂಟೆಯಾಯಿತೆಂದು ಲೆಕ್ಕ ಹಾಕಿದ. ಮೂರನೆಯದು ಬಂದಾಗ ನಾಲ್ಕೂಕಾಲು.

ಕೂಗಬಹುದಿತ್ತು. ಕೂಗಿದರೆ ದೇಶಕ್ಕೆ ದೇಶವೇ ಕೇಳಿಸಿಕೊಳ್ಳುತ್ತಿತ್ತು, ಆ ಹೆಣ್ಣುಮಗಳ ಮೊದಲ ದಿನ ಮಣ್ಣುಪಾಲಾಗುತ್ತಿತ್ತು. ಕೂಗದಿದ್ದರೆ ಗುಮಾಸ್ತನ ಪಾತ್ರ ಕೈತಪ್ಪುತ್ತಿತ್ತು. ಕೊನೆಗೆ ಒಂದು ಉಪಾಯ ಹೊಳೆಯಿತು. ಹಿಂಬದಿಯ ತಗಡನ್ನು ಮೆಲ್ಲಗೆ ತಟ್ಟಿದರೆ ಹಿಂದೆ ತಂತಿ ಎಳೆಯುವವನೋ, ಕಸ ಗುಡಿಸುವವಳೋ ಕೇಳಿಸಿಕೊಂಡಾರು.

ತಟ್ಟಿದ. ಟಕ್ ಟಕ್. ಬಿಟ್ಟು, ಟಕ್ ಟಕ್ ಟಕ್.

ತಟ್ಟಿದ ಮೇಲೆ ಕೈ ಅಲ್ಲೇ ನಿಂತಿತು. ಎರಡು, ಬಿಟ್ಟು ಮೂರು: ನೌಕೆಯಲ್ಲಿ ಸಂಪರ್ಕವೆಲ್ಲ ಕಡಿದುಹೋದಾಗ ಕಪ್ತಾನ ಗೋಡೆ ತಟ್ಟುವ ರೀತಿ. ‘ಬದುಕಿದ್ದೇನೆ’ ಎಂದು ಅರ್ಥ. ಹದಿನಾರು ವರ್ಷ ತಟ್ಟಿ ತಟ್ಟಿ ಅವನ ಕೈಗೆ ಬೇರೆ ರೀತಿಯೇ ಮರೆತುಹೋಗಿತ್ತು. ಮನೆಯಲ್ಲಿ ಸ್ನಾನದ ಕೋಣೆಯ ಬಾಗಿಲನ್ನೂ ಹಾಗೇ ತಟ್ಟುತ್ತಿದ್ದ. ಕುರ್ಚಿ ಮೇಜು ಸಿಕ್ಕಲ್ಲೆಲ್ಲ ಊರಿನ ಮಕ್ಕಳೂ ಹಾಗೇ ತಟ್ಟುತ್ತಿದ್ದರು. ತಗಡಿನ ಗೂಡು ಆ ಐದು ಪೆಟ್ಟನ್ನು ನುಂಗಿಕೊಳ್ಳಲಿಲ್ಲ, ಗಂಟೆ ಬಾರಿಸಿದ ಹಾಗೆ ಹೊರಗೆ ಕಳಿಸಿತು. ಆ ಹೊತ್ತಿಗೆ ಹೊಸಬಳು ಅಂಗಳದ ನಡುವೆ ನಿಂತು ತನ್ನ ಮೊದಲ ದೊಡ್ಡ ಮಾತು ಹೇಳುತ್ತಿದ್ದಳು.

ಅವಳ ಮಾತು ನಿಂತಿತು. ನಿಧಾನವಾಗಿ ಗೂಡಿನ ಕಡೆ ಬರುತ್ತಿರುವ ಅವಳ ಹೆಜ್ಜೆ ಅವನಿಗೆ ಕೇಳಿಸಿತು.

“ಕೇಳಿದಿರಾ?” ಎಂದಳು ಅವಳು, ಕಪ್ತಾನಿಯ ಗಂಭೀರ ದನಿಯಲ್ಲಿ. “ಕಪ್ತಾನರು ಕರಗಿಲ್ಲ. ಒಳಗೆ ಇನ್ನೂ ಬದುಕಿದ್ದಾರೆ!”

ಸಭೆ ಎದ್ದು ನಿಂತು ಕುಣಿಯಿತು. ಗೂಡಿನೊಳಗೆ ಕಪ್ತಾನ ತಲೆಯ ಮೇಲೆ ಕೈಹೊತ್ತು ಕೂತ. ಅವನಿಗೆ ಒಪ್ಪಂದದ ಆ ಸಾಲು ನೆನಪಾಗಿತ್ತು.

ಐದೂಮುಕ್ಕಾಲಿಗೆ ಮೊಳೆಮಾವ ಹೂಗುಚ್ಛ ಹಿಡಿದೇ ಓಡಿಬಂದು ಬಾಗಿಲು ತೆಗೆದ. ಅವನ ಕಣ್ಣಲ್ಲಿ ನೀರಿತ್ತು. ಅವನ ಹಿಂದೆಯೇ ಯಜಮಾನರು, ಅವರ ಮುಖದ ತುಂಬ ನಗು.

“ಎಂಥಾ ಐಡಿಯಾ ರೀ! ಒಂದು ಮಾತು ಹೇಳದೆ ಮಾಡ್ಬಿಟ್ರಲ್ಲ! ಫೋನ್‌ಗಳು ಬಂದೂ ಬಂದೂ ನಮ್ಮ ಹುಡುಗಿಯರಿಗೆ ಕಿವಿ ಕಿವುಡಾಗಿದೆ. ಇನ್ಮೇಲೆ ಪ್ರತಿ ವಾರ ಗೂಡಿನಿಂದ ನಿಮ್ಮ ತಟ್ಟು ಬರಬೇಕು.”

“ನಾನು ಹೊರಗೆ ಬರೋಕೆ ತಟ್ಟಿದ್ದು, ಸಾರ್.”

“ಹೊರಗೆ ಯಾಕ್ರೀ? ಮೇಕಪ್ ಇಲ್ಲ, ಮಾತು ಕಂಠಪಾಠ ಮಾಡೋ ಹಾಗಿಲ್ಲ. ಆರಾಮಾಗಿ ಕೂತ್ಕೊಂಡು ತಟ್ಟಿದ್ರಾಯ್ತು.”

“ನಾನು ಬೇರೆ ಕಡೆ ಒಪ್ಕೊಂಡಿದ್ದೀನಿ.”

ಯಜಮಾನರ ನಗು ಮಾಸಲಿಲ್ಲ, ಸ್ವಲ್ಪ ತೆಳುವಾಯಿತು ಅಷ್ಟೆ. “ಕಪ್ತಾನ ಬದುಕಿದ್ದಾನಲ್ಲಪ್ಪ” ಎಂದರು. “ಕಾಗದ ನೋಡ್ಕೊಳ್ಳಿ.”

ಮನೆಯಲ್ಲಿ ಅಕ್ಕ ಇದ್ದಳು. ಮೂಲೆಯ ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಡುವ ಕೆಲಸ, ಮಾತೂ ಮಾತ್ರೆಯ ಹಾಗೆ ಚಿಕ್ಕದು, ಕಹಿ. ಒಂದೇ ಮನೆಯಲ್ಲಿ ಇಬ್ಬರೇ ಇದ್ದು ಒಬ್ಬರ ಕೆಮ್ಮು ಒಬ್ಬರಿಗೆ ಪರಿಚಯವಾಗಿತ್ತು. ಅವನು ಬಾಗಿಲು ತಟ್ಟಿದ್ದನ್ನು ಕೇಳಿಯೇ, “ಬಾಗಿಲನ್ನೂ ಹಾಗೇ ತಟ್ತೀಯಲ್ಲೋ, ಮಾರಾಯ” ಎಂದಳು. ಒಪ್ಪಂದದ ಕಾಗದ ತರಿಸಿಕೊಂಡು, ಕನ್ನಡಕ ಏರಿಸಿ, ವೈದ್ಯರ ಚೀಟಿ ಓದುವ ಹಾಗೆ ಎರಡು ಸಲ ಓದಿದಳು.

“ಹೇಳಿದ ಕಡೆ ಕೂತ್ಕೋಬೇಕು ಅಂತ ಬರೆದಿದೆ. ಹೇಳಿದ ದಿನ ಬರಬೇಕು ಅಂತ ಬರೆದಿದೆ. ನೀನು ಬದುಕಿರಲೇಬೇಕು ಅಂತ ಎಲ್ಲಿದೆ, ತೋರಿಸು?”

“ಅಂದ್ರೆ?”

“ಅಂದ್ರೆ ಊಟ ಮಾಡು, ತಣ್ಣಗಾಗ್ತಿದೆ” ಎಂದು ಕಾಗದ ಮಡಚಿಟ್ಟಳು.

ರಂಗಮಂದಿರದ ನಿರ್ದೇಶಕಿ ಫೋನಿನಲ್ಲಿ ಅವನ ಕತೆಯನ್ನೆಲ್ಲ ಕೇಳಿ, ನಗಲಿಲ್ಲ, ಬೈಯಲೂ ಇಲ್ಲ. “ಮುಂದಿನ ವಾರ ಇದೇ ದಿನ, ಐದಕ್ಕೇ. ಆಮೇಲೆ ಆ ಕುರ್ಚಿಯಲ್ಲಿ ಬೇರೆಯವರು ಕೂರ್ತಾರೆ” ಎಂದಳು. ಆ ವಾರವಿಡೀ ಅವನು ಹೊರಗೆ ಹೋದಲ್ಲೆಲ್ಲ ಜನ ಸಿಕ್ಕಸಿಕ್ಕದ್ದನ್ನು ತಟ್ಟಿದರು. ಹಾಲಿನವನು ಗೇಟು ತಟ್ಟಿದ, ಕ್ಷೌರದವನು ಬಾಚಣಿಗೆಯಿಂದ ಕನ್ನಡಿ ತಟ್ಟಿದ, ಬ್ಯಾಂಕಿನ ಕಿಟಕಿಯ ಆಚೆ ಕೂತವಳು ಗಾಜು ತಟ್ಟಿ ಕಣ್ಣು ಮಿಟುಕಿಸಿದಳು. ಎರಡು, ಬಿಟ್ಟು ಮೂರು. ಎಲ್ಲರದ್ದೂ ಪ್ರೀತಿಯೇ. ಆ ಪ್ರೀತಿ ಮುಟ್ಟಿದಲ್ಲೆಲ್ಲ ಅವನ ಮೈ ಹಿಂಡುತ್ತಿತ್ತು.

ಯಜಮಾನರಿಗೆ ನೇರಪ್ರಸಾರದ ರುಚಿ ಹತ್ತಿತ್ತು, ಎರಡನೆಯ ವಾರವೂ ನೇರಪ್ರಸಾರವೇ. ಮೂರಕ್ಕೆ ಆರಂಭ, ನಾಲ್ಕಕ್ಕೆ ಮುಕ್ತಾಯ. ಕೊನೆಯ ದೃಶ್ಯದಲ್ಲಿ ಕಪ್ತಾನಿ ಗೂಡು ತಟ್ಟಬೇಕು, ಒಳಗಿನಿಂದ ಉತ್ತರ ಬರಬೇಕು. ಅದಕ್ಕೆ ಮೊದಲು ಹಿಂದಿನ ಓಣಿಯ ಚಹಾದ ಮೇಜಿನ ಬಳಿ ಹೊಸಬಳು ಅವನ ಹತ್ತಿರ ಬಂದಳು. ಬಣ್ಣವಿಲ್ಲದ ಮುಖದಲ್ಲಿ ತುಂಬ ಚಿಕ್ಕವಳಂತೆ ಕಂಡಳು.

“ತಪ್ಪಾಯ್ತಾ ಸರ್, ಅವತ್ತು? ಶಬ್ದ ಬಂತು, ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ನೀವು ನಿಜವಾಗಿ ಸಿಕ್ಕಿಹಾಕ್ಕೊಂಡಿದ್ರಿ ಅಂತ ಮೊಳೆಮಾವ ಆಮೇಲೆ ಹೇಳಿದ್ರು.”

“ತಪ್ಪೇನಿಲ್ಲಮ್ಮ. ಒಳ್ಳೆ ನಟಿ ಏನು ಮಾಡ್ಬೇಕೋ ಅದನ್ನೇ ಮಾಡಿದ್ರಿ.”

ಅವನು ಇನ್ನೂ ಒಂದು ಮಾತು ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಅವಳೂ ಅವನ ಜೊತೆ ಅಪರಾಧಿಯಾಗುತ್ತಾಳೆ, ಹೇಳದಿದ್ದರೆ ಅವಳನ್ನು ನಡುನೀರಿನಲ್ಲಿ ಕೈಬಿಟ್ಟ ಹಾಗಾಗುತ್ತದೆ. ಚಹಾ ಕುಡಿದು ಲೋಟ ಕೆಳಗಿಟ್ಟ.

ಮೇಕಪ್ ಇಲ್ಲ ಎಂದಿದ್ದ ಯಜಮಾನರು, ನೇರಪ್ರಸಾರ ಅಲ್ವಾ, ಯಾವುದಕ್ಕೂ ಇರಲಿ ಎಂದು ಕೊನೆಗಳಿಗೆಯಲ್ಲಿ ಅವನಿಗೆ ಪೂರ್ತಿ ಉಡುಪು ಹಾಕಿಸಿ ಬಣ್ಣ ಹಚ್ಚಿಸಿದ್ದರು. ಮೊಳೆಮಾವ ಅವನನ್ನು ಹಿಂಬಾಗಿಲಿನಿಂದ ಒಳಗೆ ಕೂರಿಸಿದ. ಕೂರಿಸಿ, ಅವನ ಕೈ ಹಿಡಿದು ಬಾಗಿಲಿನ ಒಳಮೈಗೆ, ಮೊಣಕಾಲಿನ ಎತ್ತರಕ್ಕೆ ಮುಟ್ಟಿಸಿದ. ತಣ್ಣನೆಯ ಕಬ್ಬಿಣ ಕೈಗೆ ತಗುಲಿತು.

“ಚಿಲಕ ಹಾಕಿದ್ದೀನಿ. ಯಾರಿಗೂ ಹೇಳಿಲ್ಲ. ಮೇಲೆತ್ತಿ ಎಡಕ್ಕೆ ಎಳೆದ್ರೆ ಸದ್ದಿಲ್ಲದೆ ಬರುತ್ತೆ” ಎಂದ. ಬಾಯಲ್ಲಿ ಅಂದು ಮೊಳೆ ಇರಲಿಲ್ಲ, ಹಾಗಾಗಿ ಮಾತು ಸ್ಪಷ್ಟವಾಗಿತ್ತು.

ಕತ್ತಲೆ, ಮುಕ್ಕಾಲಿ, ಬೆವರು. ಕಪ್ತಾನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಅದರ ಮೇಲೆ ಭಾರ ಬಿಟ್ಟು ಕೂತ. ಅವನಿಗೆ ತನ್ನ ಮನಸ್ಸಿನ ಮೇಲೆ ನಂಬಿಕೆಯಿತ್ತು, ಕೈಗಳ ಮೇಲೆ ಇರಲಿಲ್ಲ.

ಹೊರಗೆ ಸಂಗೀತ ಇಳಿಯಿತು. ಹೆಜ್ಜೆಗಳು ಬಂದು ಗೂಡಿನ ಎದುರು ನಿಂತವು.

“ಕಪ್ತಾನರೇ, ನೌಕೆ ಕೇಳುತ್ತಿದೆ. ಇದ್ದೀರಾ?”

ಟಕ್ ಟಕ್. ಬಿಟ್ಟು, ಟಕ್ ಟಕ್ ಟಕ್.

ಅವನ ಬೆರಳುಗಳು ತೊಡೆಯ ಕೆಳಗೆ ಮೀನಿನ ಹಾಗೆ ಮಿಡುಕಿದವು. ಅವನು ಇನ್ನೂ ಭಾರ ಬಿಟ್ಟ. ಮೂರು ಸೆಕೆಂಡು, ನಾಲ್ಕು, ಐದು. ಸಹನಟಿಯನ್ನು ತುಂಬಿದ ಸಭೆಯ ಎದುರು ಮಾತಿಲ್ಲದೆ ನಿಲ್ಲಿಸುವುದಕ್ಕಿಂತ ದೊಡ್ಡ ಪಾಪ ಅವನ ಕಸುಬಿನಲ್ಲಿ ಇನ್ನೊಂದಿರಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಎಂಟು, ಒಂಬತ್ತು.

ಅವಳು ಮತ್ತೊಮ್ಮೆ ತಟ್ಟಿದಳು. ಈ ಸಲ ಪೆಟ್ಟುಗಳ ನಡುವೆ ಅಂಜಿಕೆ ಇತ್ತು. ಆಮೇಲೆ ತಗಡಿಗೆ ಏನೋ ಒತ್ತಿದ ಸದ್ದು. ಅವಳು ಕೆನ್ನೆ ಒತ್ತಿ ನಿಂತಿದ್ದಳು. ಮೈಕಿಗೂ ಕೇಳಿಸದಷ್ಟು ಸಣ್ಣಗೆ, ನಟನೆಯೇ ಇಲ್ಲದ ದನಿಯಲ್ಲಿ ಕೇಳಿದಳು.

“ಸರ್, ಇದ್ದೀರಾ?”

ಒಂದು ಕೈ ಹೊರಗೆ ಬಂದೇ ಬಂತು. ತಗಡಿಗೆ ಒಂದು ಬೆರಳಿನಷ್ಟು ದೂರದಲ್ಲಿ ಅವನು ಅದನ್ನು ಇನ್ನೊಂದು ಕೈಯಿಂದ ಹಿಡಿದ. ಹಿಡಿದು ಎದೆಗೆ ಒತ್ತಿಕೊಂಡ. ನಾನು ಇಲ್ಲಮ್ಮ, ಎಂದು ಮನಸ್ಸಿನಲ್ಲೇ ಹೇಳಿದ. ದಯವಿಟ್ಟು ನಾನು ಇಲ್ಲ ಅಂದುಬಿಡಿ.

ಹೊರಗೆ ಅವಳು ಕೆನ್ನೆ ತೆಗೆಯದೆ ಹಾಗೇ ನಿಂತಿದ್ದಳು. ಆ ಹೊತ್ತಿನಲ್ಲಿ ಅವಳು ಏನೇನು ಯೋಚಿಸಿದಳೋ, ಮೂರು ವರ್ಷ ಎಂದು ಸಹಿ ಹಾಕಿದವನ ಕತೆ ಅವಳಿಗೆ ಯಾರು ಹೇಳಿದ್ದರೋ ಅವನಿಗೆ ತಿಳಿಯದು. ಅವಳ ಕೆನ್ನೆ ತಗಡಿನಿಂದ ದೂರವಾಯಿತು. ಆಮೇಲೆ ಕಪ್ತಾನಿಯ ದನಿ ಮೇಲೆದ್ದಿತು.

“ಹೋಗಿದ್ದಾರೆ” ಎಂದಳು. “ಹೋದ ವಾರ ತಟ್ಟಿದ್ದು ಅವರ ಕೊನೆಯ ಮಾತು. ನಮಗೆ ಅರ್ಥವಾಗಲಿಲ್ಲ. ಕಪ್ತಾನರು ಹೋಗಿದ್ದಾರೆ. ಇನ್ನು ಯಾರೂ ಈ ಬಾಗಿಲು ತಟ್ಟಬೇಡಿ.”

ಸಭೆಯಲ್ಲಿ ಯಾರೋ ಬಿಕ್ಕಿದರು. ಗೂಡಿನೊಳಗೆ ಕೂಡ ಒಬ್ಬ ಬಿಕ್ಕಿದ, ಬಾಯಿಗೆ ಕೈಗವಸು ತುರುಕಿಕೊಂಡು. ಹದಿನಾರು ವರ್ಷದ ಅಳು, ಅಪ್ಪನ ಪಾಲಿನದ್ದೂ ಸೇರಿ, ಒಟ್ಟಿಗೆ ಬಂತು. ನಡುವೆ ಒಮ್ಮೆ, ಗುಮಾಸ್ತ ಅಳುವುದು ಹೀಗೇ ಇರಬೇಕು, ಹೆಗಲು ಅಲುಗಬಾರದು ಎಂದೂ ಅವನಿಗೆ ಹೊಳೆಯಿತು. ನಟನ ಜಾತಿಯೇ ಅಷ್ಟು, ಸ್ವಂತ ಕಣ್ಣೀರಿನಲ್ಲೂ ಒಂದು ಚಮಚ ಎತ್ತಿಟ್ಟುಕೊಳ್ಳುತ್ತದೆ.

ದೀಪಗಳು ಆರಿದ ಮೇಲೆ ಯಜಮಾನರ ಕೂಗಾಟ ಕೇಳಿಸಿತು: “ಯಾಕ್ರೀ ತಟ್ಟಲಿಲ್ಲ ಅವನು? ಕರೀರಿ ಅವನನ್ನ!” ಯಾರೋ, “ಗೂಡಿಗೆ ಹೋದವರನ್ನ ಅಂಗಳಕ್ಕೆ ಕರೆಯೋ ಹಾಗಿಲ್ವಲ್ಲ ಯಜಮಾನರೇ” ಎಂದರು. ಮೊಳೆಮಾವನ ದನಿಯೇ ಇರಬೇಕು.

ಅವನು ಕಣ್ಣೊರೆಸಿಕೊಂಡು ಚಿಲಕ ಮೇಲೆತ್ತಿ ಎಡಕ್ಕೆ ಎಳೆದ. ಬಾಗಿಲು ಸದ್ದಿಲ್ಲದೆ ತೆರೆಯಿತು. ಹಿಂದಿನ ಓಣಿಯಲ್ಲಿ ಹೊಸಬಳು ನಿಂತಿದ್ದಳು, ಒಬ್ಬಳೇ, ಪೂರ್ತಿ ಉಡುಪಿನಲ್ಲಿ, ಶಿರಸ್ತ್ರಾಣ ಕಂಕುಳಲ್ಲಿ.

“ಒಂದು ಮಾತು ಹೇಳ್ಬಾರದಿತ್ತಾ ಸರ್? ಜೀವ ಬಾಯಿಗೆ ಬಂದಿತ್ತು ನಂಗೆ.”

“ಹೇಳಿದ್ರೆ ನಿಮ್ಮನ್ನೂ ಸಿಕ್ಕಿಸಿದ ಹಾಗಾಗ್ತಿತ್ತು. ಕ್ಷಮಿಸಿ. ಕ್ಷಮಿಸಿ ಅನ್ನೋದು ಸಾಲದು, ಗೊತ್ತು.”

“ತಿರುಗಿ” ಎಂದಳು. ಅವನು ಬೆನ್ನು ತಿರುಗಿಸಿದ. ಅವಳು ಜಿಪ್ಪನ್ನು ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಎಳೆತಕ್ಕೆ ಇಳಿಸಿದಳು. ಒದ್ದೆ ಬೆನ್ನಿಗೆ ಗಾಳಿ ತಾಗಿ ಅವನ ಮೈ ನಡುಗಿತು. ತೋಳು ಬಿಡಿಸಿಕೊಂಡು, ಕಾಲು ಬಿಡಿಸಿಕೊಂಡು, ಒಳಗೆ ಹಾಕಿಕೊಂಡಿದ್ದ ಹಳೆಯ ಅಂಗಿ ಪ್ಯಾಂಟಿನಲ್ಲಿ ನಿಂತಾಗ ಅವನು ಎಲ್ಲ ಕಚೇರಿಗಳಲ್ಲೂ ಒಬ್ಬ ಇರುತ್ತಾನಲ್ಲ, ಆ ಗುಮಾಸ್ತನ ಹಾಗೆ ಕಂಡ. ಅವಳು ನೋಡಿ ನಕ್ಕಳು. ಆಮೇಲೆ ಅವನನ್ನು ದಾಟಿ ಗೂಡಿನೊಳಗೆ ಹೋಗಿ, ಮುಕ್ಕಾಲಿಯ ಮೇಲೆ ಕೂತು ಸುತ್ತಲೂ ನೋಡಿದಳು.

“ಇಷ್ಟು ಚಿಕ್ಕದಾ ಇದು? ಅವತ್ತು ಗಾಬರಿಯಲ್ಲಿ ನೋಡಿರಲಿಲ್ಲ. ಒಂದ್ಸಲ ಬಾಗಿಲು ಹಾಕಿ ಸರ್, ಹೇಗಿರುತ್ತೆ ನೋಡ್ತೀನಿ.”

ಅವನು ಬಾಗಿಲು ಹಾಕಲಿಲ್ಲ. ಒಳಗೆ ಬಗ್ಗಿ, ಅವಳ ಕೈಗವಸು ತೆಗೆದು, ಅವಳ ಬರಿಗೈ ಹಿಡಿದು ಬಾಗಿಲಿನ ಒಳಮೈಗೆ, ಮೊಣಕಾಲಿನ ಎತ್ತರಕ್ಕೆ ಒಯ್ದ.

“ಇಲ್ಲಿ ಮುಟ್ಟಿ ನೋಡಿ. ಕತ್ತಲಲ್ಲೂ ಸಿಗಬೇಕು ನಿಮಗೆ. ಮೇಲೆತ್ತಿ ಎಡಕ್ಕೆ ಎಳೀಬೇಕು.”

ಅವಳು ಕಣ್ಣು ಮುಚ್ಚಿಕೊಂಡು ಚಿಲಕ ಎತ್ತಿದಳು, ಎಳೆದಳು, ಮತ್ತೆ ಹಾಕಿದಳು, ಮತ್ತೆ ಎತ್ತಿದಳು. ಮೂರನೆಯ ಸಲ ಕೈ ತಪ್ಪಲಿಲ್ಲ. ಅವನು ಅಲ್ಲಿಯವರೆಗೂ ನಿಂತು ನೋಡಿ, ನಾಲ್ಕೂ ಹತ್ತಾಗಿದ್ದರಿಂದ, ಬಣ್ಣ ಒರೆಸಿಕೊಳ್ಳಲು ಓಣಿಯಲ್ಲಿ ಓಡತೊಡಗಿದ.